ಒಂದೇ ಮಸೂರ, ಮೂರು ಸಾಫ್ಟ್‌ವೇರ್

ದೂರದರ್ಶಕಕ್ಕೆಂದು 80 ಮಿ.ಮೀ. ಅಗಲದ, 800 ಮಿ.ಮೀ. ಸಂಗಮ ದೂರದ ಜೋಡಿ ಮಸೂರವೊಂದನ್ನು ಕಾಗದದ ಮೇಲೆ ಲೆಕ್ಕ ಹಾಕಿದ್ದೆ. ಮುಂದೆ ಎನ್-ಬಿಕೆ7 ಗಾಜಿನ ಪೀನ ಮಸೂರ, ಹಿಂದೆ ಎಫ್2 ಗಾಜಿನ ನಿಮ್ನ ಮಸೂರ. ಕೆಂಪು, ನೀಲಿ ಎರಡೂ ಒಂದೇ ಕಡೆ ಸೇರಬೇಕಾದರೆ ಮೊದಲನೆಯದರ ಸಂಗಮ ದೂರ ಸುಮಾರು 347, ಎರಡನೆಯದರದ್ದು ಮೈನಸ್ 611. ಇದನ್ನೇ ಮೂರು ಓಪನ್ ಸೋರ್ಸ್ ಸಾಫ್ಟ್‌ವೇರ್‌ಗಳಿಗೆ ಕೊಟ್ಟು ನೋಡಿದೆ.

ಬ್ರೌಸರ್‌ನಲ್ಲೇ ಓಡುವ ರೇ ಆಪ್ಟಿಕ್ಸ್ ಸಿಮ್ಯುಲೇಶನ್‌ಗೆ ಇನ್‌ಸ್ಟಾಲ್ ಗೋಜಿಲ್ಲ. ಮಸೂರವನ್ನು ಮೌಸ್‌ನಲ್ಲಿ ಎಳೆದರೆ ಕಿರಣಗಳೂ ಜೊತೆಗೇ ತಿರುಗುತ್ತವೆ. ಹೈಸ್ಕೂಲ್ ಮಕ್ಕಳಿಗೆ ತೋರಿಸಲು ಬಲು ಚೆಂದ. ಆದರೆ ಇರುವುದು ಎರಡೇ ಆಯಾಮ. ನನ್ನ ಮಸೂರದಲ್ಲಿ ನಕ್ಷತ್ರದ ಚುಕ್ಕೆ 14 ಮೈಕ್ರಾನ್ ಇರಬೇಕು. ಅಷ್ಟು ಸೂಕ್ಷ್ಮ ಲೆಕ್ಕಕ್ಕೆ ಇದು ಮಾಡಿದ್ದಲ್ಲ.

ಎರಡನೆಯದು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ರೇಆಪ್ಟಿಕ್ಸ್. ಹೆಸರು ಹತ್ತಿರ ಹತ್ತಿರ, ಸಂಬಂಧ ಮಾತ್ರ ಇಲ್ಲ. ಮೊದಲ ದಿನವೇ ಎಡವಿದೆ. ಮಸೂರದ ಮೈಯ ತ್ರಿಜ್ಯ ಎಂದುಕೊಂಡು 358 ಬರೆದರೆ, ಅದು ವಕ್ರತೆ (ಅಂದರೆ 1/ತ್ರಿಜ್ಯ) ಎಂದು ತೆಗೆದುಕೊಂಡಿತು! ಕಿರಣಗಳು ಮಸೂರಕ್ಕೆ ತಾಗಲೇ ಇಲ್ಲ. ತ್ರಿಜ್ಯ ಬೇಕಾದರೆ ಮೊದಲೇ ಹೇಳಬೇಕಂತೆ. ಆದರೂ ಇದರ ವೈ-ವೈಬಾರ್ ಚಿತ್ರಕ್ಕೆ (ಮಸೂರಗಳಲ್ಲಿ ಎರಡು ಕಿರಣಗಳ ಎತ್ತರ ತೋರಿಸುವ ನಕ್ಷೆ) ನಾನು ಮನಸೋತೆ. ಒಂದೊಂದು ಮಸೂರವೂ ಅಲ್ಲಿ ಒಂದು ಚುಕ್ಕೆ. ಚುಕ್ಕೆ ಎಳೆದರೆ ಮಸೂರದ ಶಕ್ತಿ, ಅಂತರ ಎರಡೂ ಬದಲಾಗುತ್ತವೆ. ವಿನ್ಯಾಸ ಯಾಕೆ ಹಾಗಿದೆ ಅಂತ ತಲೆಗೆ ಹೋಗಿದ್ದು ಇಲ್ಲೇ.

ಕೆಲಸ ಮುಗಿಸಿಕೊಟ್ಟದ್ದು ಮಾತ್ರ ಆಪ್ಟಿಲ್ಯಾಂಡ್. ಇದೂ ಪೈಥಾನ್. ಯಾವ ತ್ರಿಜ್ಯ ಬದಲಾಗಬಹುದು, ಸಂಗಮ ದೂರ ಎಷ್ಟಿರಬೇಕು, ನಕ್ಷತ್ರದ ಚುಕ್ಕೆ ಎಷ್ಟು ಚಿಕ್ಕದಾಗಬೇಕು ಎಂದು ಹೇಳಿದರೆ ಸಾಕು, ಉಳಿದದ್ದು ಅದರ ಪಾಡು. ತಯಾರಿಕೆಯಲ್ಲಿ ಚೂರು ಹೆಚ್ಚುಕಮ್ಮಿಯಾದರೆ ಏನಾದೀತು ಎಂಬ ಲೆಕ್ಕವೂ ಇದೆ. ಮಸೂರ ಉಜ್ಜುವವರಿಗೆ ಇದೇ ಮುಖ್ಯ, ಅಲ್ವಾ? ಒಂದು ಎಚ್ಚರ: ರೇಆಪ್ಟಿಕ್ಸ್‌ನಲ್ಲಿ ತರಂಗದೂರ ನ್ಯಾನೋಮೀಟರ್‌ನಲ್ಲಿ, ಇಲ್ಲಿ ಮೈಕ್ರಾನ್‌ನಲ್ಲಿ. ಹಳದಿ ಬೆಳಕಿಗೆ 587.6 ಅಲ್ಲ, 0.5876.

ಈಗ ಆಪ್ಟಿಲ್ಯಾಂಡ್‌ನಲ್ಲಿ ತಿದ್ದುತ್ತೇನೆ, ಅದೇ ಅಂಕಿಗಳನ್ನು ರೇಆಪ್ಟಿಕ್ಸ್‌ಗೆ ಹಾಕಿ ತಾಳೆ ನೋಡುತ್ತೇನೆ. ಎರಡೂ ಒಂದೇ ದೂರು ಹೇಳುತ್ತಿವೆ: ಹಳದಿ ಬೆಳಕು ಕೆಂಪು-ನೀಲಿಗಿಂತ ಸುಮಾರು 0.4 ಮಿ.ಮೀ. ಮೊದಲೇ ಸೇರುತ್ತದೆ. ತ್ರಿಜ್ಯ ಎಷ್ಟು ತಿದ್ದಿದರೂ ಅದು ಹೋಗುವುದಿಲ್ಲ, ಈ ಗಾಜಿನ ಜೋಡಿಯೇ ಹಾಗೆ. ಬೇರೆ ಗಾಜು ಹುಡುಕುತ್ತಿದ್ದೇನೆ.