ಜಂಕ್ಷನ್ ಸುರಕ್ಷತೆ ಕಲಿಸಲು ರಸ್ತೆಪಟವೇ, ಪ್ರೊಜೆಕ್ಟರೇ, ರಂಗೋಲಿ ಪುಡಿಯೇ?

ರಸ್ತೆಗಳು ಕೂಡುವ ಜಾಗದ ಅಪಾಯಗಳನ್ನು ಎಂಜಿನಿಯರಿಂಗ್ ಓದದ ನೆರೆಹೊರೆಯವರಿಗೆ ತಿಳಿಸಿಕೊಡಲು ಮೈಸೂರಿನ ನಮ್ಮ ಬಡಾವಣೆಯಲ್ಲಿ ಮೂರು ಸಾಧನಗಳನ್ನು ಬಳಸಿ ನೋಡಿದ್ದೇನೆ: ಆನ್‌ಲೈನ್‌ನಲ್ಲಿ ಕೊಂಡ, ಆಟಿಕೆ ವಾಹನಗಳಿರುವ ರಸ್ತೆಪಟ, ಬಾಡಿಗೆ ಪ್ರೊಜೆಕ್ಟರ್, ಶಾಲಾ ಮೈದಾನದಲ್ಲಿ ರಂಗೋಲಿ ಪುಡಿಯಿಂದ ಎಳೆದ ಜಂಕ್ಷನ್. ಎರಡು ಸಾವಿರ ರೂಪಾಯಿ ದಾಟಿದ ಪಟ ಈಗ ಅಟ್ಟ ಸೇರಿದೆ. ನನ್ನ ಮತ ರಂಗೋಲಿ ಪುಡಿಗೆ.

ಪಟದ ತೊಂದರೆ ಒಂದೇ ಆದರೂ ಅದು ಪಾಠದ ಬುಡಕ್ಕೇ ಕೊಡಲಿಯಿಟ್ಟಿತು. ಬಲಬದಿಯಲ್ಲಿ ವಾಹನ ಓಡಿಸುವ ದೇಶಕ್ಕಾಗಿ ಅದನ್ನು ಮುದ್ರಿಸಲಾಗಿತ್ತು. ಮಾರಾಟಗಾರರು ತೋರಿಸಿದ ಚಿತ್ರದಲ್ಲಿ ಬಾಣದ ಗುರುತುಗಳೆಲ್ಲ ಆಟಿಕೆ ಕಾರುಗಳ ಅಡಿಯಲ್ಲಿ ಮರೆಯಾಗಿದ್ದವು. ಬಿಚ್ಚಿ ಹಾಸಿದಾಗ ಕಂಡದ್ದೇನೆಂದರೆ, ನಮ್ಮ ಹಾರ್ಡಿಂಜ್ ಸರ್ಕಲಿನಲ್ಲಿ ಪ್ರದಕ್ಷಿಣೆಯಾಗಿ ಸುತ್ತುವ ವಾಹನಗಳು ಪಟದಲ್ಲಿ ಅಪ್ರದಕ್ಷಿಣೆಯಾಗಿ ಸುತ್ತಬೇಕಿತ್ತು. ಪೊಟ್ಟಣ ಒಡೆದ ಕಾರಣಕ್ಕೆ ವಾಪಸ್ಸು ತೆಗೆದುಕೊಳ್ಳಲೂ ಅವರು ಒಪ್ಪಲಿಲ್ಲ.

ಬಾಣಗಳ ಮೇಲೆ ಸ್ಟಿಕ್ಕರ್ ಅಂಟಿಸಿದರೆ ಸಾಕಲ್ಲವೇ ಎಂದು ನಮ್ಮ ಬಡಾವಣೆ ಸಂಘದ ಖಜಾಂಚಿಯವರು ಕೇಳಿದರು, ಅದೂ ಆಯಿತು. ಆದರೆ ವಾಹನ ನಿಲ್ಲಬೇಕಾದ ಬಿಳಿ ಗೆರೆಗಳು ರಸ್ತೆಯ ಬಲ ಅರ್ಧದಲ್ಲಿ ಮಾತ್ರ ಇದ್ದುದರಿಂದ, ಆಟಿಕೆ ಬಸ್ಸನ್ನು ನಮ್ಮ ಪದ್ಧತಿಯಂತೆ ಎಡಕ್ಕಿಟ್ಟರೆ ಅದಕ್ಕೆ ಗೆರೆಯೇ ಇರಲಿಲ್ಲ. ಸಿಗ್ನಲ್ಲಾಗಲಿ ಪೊಲೀಸರಾಗಲಿ ಇಲ್ಲದ ಜಂಕ್ಷನ್‌ನಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡಬೇಕೆಂಬ 2017ರ ಚಾಲನಾ ನಿಯಮವನ್ನು ವಿವರಿಸುತ್ತಿದ್ದಾಗ ಆಟೋ ಚಾಲಕರೊಬ್ಬರು, "ಸಾರ್, ನಿಮ್ಮ ಬಸ್ಸೇ ಒನ್‌ವೇಯಲ್ಲಿ ಎದುರು ಬಂದ ಹಾಗಿದೆಯಲ್ಲ" ಎಂದರು. ಆಮೇಲಿನ ಚರ್ಚೆ ಪಟದ ಬಗ್ಗೆ ನಡೆಯಿತೇ ಹೊರತು ರಸ್ತೆಯ ಬಗ್ಗೆ ನಡೆಯಲಿಲ್ಲ.

ಪ್ರೊಜೆಕ್ಟರ್ ಲೆಕ್ಕಗಳಿಗೆ ಒಳ್ಳೆಯದು. 7 ಮೀಟರ್ ಅಗಲದ ರಸ್ತೆಯನ್ನು ಸೆಕೆಂಡಿಗೆ 1.2 ಮೀಟರ್ ನಡೆಯುವವರು ದಾಟಲು ಸುಮಾರು 6 ಸೆಕೆಂಡ್ ಬೇಕು. ಅಷ್ಟರಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ 80 ಮೀಟರ್ ಮೀರಿ ಬಂದಿರುತ್ತದೆ. ಇದನ್ನು ಪರದೆಯ ಮೇಲೆ ಕಂಡ ಹಿರಿಯರು ತಲೆದೂಗಿದರು, ಆದರೆ ಕತ್ತಲ ಕೋಣೆಯಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ.

ಮೈದಾನದಲ್ಲಿ ಜನರೇ ವಾಹನಗಳಾಗುತ್ತಾರೆ. ನಾಲ್ಕು ರಸ್ತೆಗಳಿಂದಲೂ ನೇರಕ್ಕೆ, ಎಡಕ್ಕೆ, ಬಲಕ್ಕೆ ಒಬ್ಬೊಬ್ಬರು ಪುಡಿ ಉದುರಿಸುತ್ತ ನಡೆದು, ದಾರಿಗಳು ಕವಲೊಡೆಯುವ, ಕೂಡುವ, ಕತ್ತರಿಸುವ ಜಾಗಗಳಲ್ಲೆಲ್ಲ, ಅಂದರೆ ವಾಹನಗಳು ಡಿಕ್ಕಿಯಾಗಬಹುದಾದಲ್ಲೆಲ್ಲ, ಹುಣಸೆ ಬೀಜ ಇಟ್ಟರೆ ಒಟ್ಟು 32 ಬೀಜಗಳಾಗುತ್ತವೆ, ಮತ್ತು ಅವುಗಳಲ್ಲಿ 16 ಕತ್ತರಿಸುವ ಜಾಗದವೇ. ಮೂರು ರಸ್ತೆ ಕೂಡುವಲ್ಲಿ 9 ಸಾಕು. ನಡುವೆ ವೃತ್ತ ಎಳೆದು ಎಲ್ಲರೂ ಅದನ್ನು ಸುತ್ತಿ ಹೋದರೆ ನಾಲ್ಕು ರಸ್ತೆಗಳಿದ್ದರೂ 8 ಬೀಜಗಳಷ್ಟೇ ಬೇಕಾಗುತ್ತವೆ, ಕತ್ತರಿಸುವ ಜಾಗ ಒಂದೂ ಉಳಿಯುವುದಿಲ್ಲ. ಸರ್ಕಲ್ ಇರುವುದು ಅಂದಕ್ಕೆಂದು ವಾದಿಸುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಬೀಜಗಳನ್ನು ತಾವೇ ಮತ್ತೊಮ್ಮೆ ಎಣಿಸಿದರು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಬಿದಿರು ಗಳದ ಪ್ರಯೋಗ. ಬಸ್ಸಿನ ಮುಂದಿನ ಹಿಂದಿನ ಚಕ್ರಗಳ ಅಂತರದಷ್ಟು, ಅಂದರೆ ಸುಮಾರು 6 ಮೀಟರ್ ಉದ್ದದ ಗಳದ ಎರಡು ತುದಿಗಳನ್ನು ಇಬ್ಬರು ಹಿಡಿಯುತ್ತಾರೆ. ಮುಂದಿನವರು ಎಡಕ್ಕೆ ತಿರುಗುತ್ತಾರೆ. ಹಿಂದಿನವರು ಗಳ ಎಳೆದತ್ತ ಮಾತ್ರ ಹೆಜ್ಜೆ ಹಾಕಬೇಕು. ಅವರ ಹೆಜ್ಜೆ ಮುಂದಿನವರ ಜಾಡು ಹಿಡಿಯದೆ ಮೂಲೆಯ ಒಳಕ್ಕೆ ಸರಿಯುತ್ತದೆ, ಅಲ್ಲಿ ನಿಂತವರ ಕಾಲಿಗೇ ಬರುತ್ತದೆ. ಬಸ್ಸಿನ ಮೂತಿ ದಾಟಿತೆಂದು ನಿಶ್ಚಿಂತೆಯಿಂದ ಮೂಲೆಗೆ ಅಂಟಿ ನಿಲ್ಲುವವರಿಗೆ, ಸೈಕಲ್ ನುಗ್ಗಿಸುವ ಹುಡುಗರಿಗೆ ಇದನ್ನು ಬಾಯಿಮಾತಿನಲ್ಲಿ ಮನಗಾಣಿಸುವುದು ಕಷ್ಟ.

ನಮ್ಮ ಸಭೆಗಳು ಸಂಜೆಯ ಹೊತ್ತು ನಡೆಯುತ್ತವೆ, ಬರುವವರು ಸ್ತ್ರೀಶಕ್ತಿ ಸಂಘದವರು ಮತ್ತು ಆಟೋ ಚಾಲಕರು, ಸಂಘದ ಹುಂಡಿಯಲ್ಲಿ ಹಣ ಕಡಿಮೆ. ಆದ್ದರಿಂದ ಮೈದಾನವೇ ನಮಗೆ ಸರಿ. ಅಂಗಳವಿಲ್ಲದ ಅಪಾರ್ಟ್‌ಮೆಂಟಿನವರು ಪ್ರೊಜೆಕ್ಟರ್ ತರಿಸಲಿ, ಆದರೆ ತಮ್ಮದೇ ಜಂಕ್ಷನ್‌ನ ಫೋಟೋ ಹಾಕಲಿ. ಮಳೆಗಾಲದಲ್ಲಿ ನಾವು ಸಮುದಾಯ ಭವನದ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತೇವೆ. ಅಲ್ಲಿ ಗಳ ತಿರುಗಿಸಲು ಜಾಗ ಸಾಲದು.