ಆಭರಣದ ಗರಗಸ: ಒಂದು ಸೆಮಿಸ್ಟರ್ ಬಳಸಿದ ಮೇಲೆ

ಈ ಸೆಮಿಸ್ಟರ್‌ನಲ್ಲಿ ಆಭರಣ, ಕರಕುಶಲ, ಡಿಜಿಟಲ್ ಡಿಸೈನ್ ಮೂರೂ ಒಟ್ಟಿಗೇ ಇದ್ದವು. ಎಲ್ಲಕ್ಕಿಂತ ಜಾಸ್ತಿ ಕೈಯಲ್ಲಿದ್ದದ್ದು ಮಾತ್ರ ಲೋಹ ಕೊಯ್ಯುವ ಈ ಸಣ್ಣ ಗರಗಸ.

ಫ್ರೇಮ್ ಹಗುರ, ಮರದ ಹಿಡಿ, ಗಂಟೆಗಟ್ಟಲೆ ಕೊಯ್ದರೂ ಅಂಗೈ ನೋಯಲಿಲ್ಲ. ಬ್ಲೇಡಿನ ಹಲ್ಲುಗಳು ಹಿಡಿಯ ಕಡೆ ಬಾಗಿರಬೇಕು, ಯಾಕಂದ್ರೆ ಇದು ಕೊಯ್ಯುವುದು ಕೆಳಗೆ ಎಳೆಯುವಾಗ. ಬಿಗಿ ಮಾಡಿದ ಮೇಲೆ ಬೆರಳಿಂದ ಮೀಟಿ ನೋಡಿ, ತಂತಿಯ ಹಾಗೆ 'ಟಿಣ್' ಅನ್ನಬೇಕು. ಮಂದವಾಗಿ ಸದ್ದು ಬಂದರೆ ಮುರಿಯುತ್ತೆ ಅಂತಲೇ ಲೆಕ್ಕ. ಮೊದಲ ವಾರ ನನ್ನ ಬ್ಲೇಡುಗಳು ಪಟಪಟ ಮುರಿದವು, ಆಮೇಲೆ ಸ್ವಲ್ಪ ಜೇನುಮೇಣ ಸವರಿ, ಒತ್ತದೆ ಸುಮ್ನೆ ಉದ್ದಕ್ಕೆ ಎಳೆಯುವುದು ಕಲಿತೆ.

ಪೆಂಡೆಂಟ್‌ನ ಎಲೆಯ ಜಾಲರಿಯನ್ನು ಕಂಪ್ಯೂಟರ್‌ನಲ್ಲಿ ಬಿಡಿಸಿ, ಅದೇ ಅಳತೆಗೆ ಪ್ರಿಂಟ್ ತೆಗೆದು 0.8 ಮಿಲಿಮೀಟರ್ ತಾಮ್ರದ ತಗಡಿಗೆ ಅಂಟಿಸಿದೆ. ಪ್ರತಿ ಕಿಂಡಿಗೂ 1 ಮಿಲಿಮೀಟರ್ ತೂತು ಕೊರೆದು 2/0 ಅಳತೆಯ ತೆಳು ಬ್ಲೇಡನ್ನು ಒಳಗೆ ತೂರಿಸಿ ಕೊಯ್ಯಬೇಕು. ಪರದೆಯ ಮೇಲೆ ಚಂದ ಕಂಡ ಕೂದಲೆಳೆಯ ಗೆರೆ ತಗಡಿನಲ್ಲಿ ಬಾಗಿಹೋಯಿತು. ಆವತ್ತೇ ಫೈಲ್ ತೆರೆದು ಗೆರೆಗಳನ್ನು ದಪ್ಪ ಮಾಡಿದೆ, ಎರಡನೇ ಸಲ ಎಲೆಯ ನರಗಳೆಲ್ಲ ಹಾಗೇ ಉಳಿದಾಗ ಎಷ್ಟು ಖುಷಿಯಾಯಿತು ಗೊತ್ತಾ!

ಒಂದೇ ದೂರು, ಮೇಲಿನ ತಿರುಪು ಆಗಾಗ ಸಡಿಲವಾಗುತ್ತೆ. ಪ್ರತಿ ಬ್ಲೇಡ್ ಬದಲಿಸುವಾಗ ಬಿಗಿ ಮಾಡಲೇಬೇಕು. ಹೊಸದಾಗಿ ಕಲಿಯುವವರು ಧೈರ್ಯವಾಗಿ ತಗೊಳ್ಳಿ, ಜೊತೆಗೆ ಬ್ಲೇಡು ಮಾತ್ರ ಡಜನ್‌ಗಟ್ಟಲೆ ಇರಲಿ.