ಥರ್ಮಲ್ ಕುಕ್ಕರ್: ಎಂಟು ತಿಂಗಳು ಅನ್ನ ಮಾಡಿ, ಬಿಸಿ ಅಳೆದು ನೋಡಿದ ಮೇಲೆ

ಕಳೆದ ವರ್ಷ ಮಳೆ ಬಿಡುವ ಹೊತ್ತಿಗೆ ಕಾಸರಗೋಡಿನ ಹಳೆ ಬಸ್ ನಿಲ್ದಾಣದ ಹತ್ತಿರದ ಪಾತ್ರೆ ಅಂಗಡಿಯಿಂದ ಒಂದು ಥರ್ಮಲ್ ಕುಕ್ಕರ್ ತಂದೆ. ಒಂದು ಕಿಲೋ ಅಕ್ಕಿಯ ಅಳತೆಯದ್ದು, 1,950 ರೂಪಾಯಿ. ಕರೆಂಟು ಬೇಡ, ಸೀಟಿ ಇಲ್ಲ. ಒಳಗೆ ಸ್ಟೀಲ್ ಪಾತ್ರೆ, ಹೊರಗೆ ಫೋಮ್ ತುಂಬಿದ ಡಬ್ಬ, ಮೇಲೆ ದಪ್ಪ ಮುಚ್ಚಳ. ಅಕ್ಕಿ ಮತ್ತು ನೀರನ್ನು ಒಲೆಯ ಮೇಲೆ ಹತ್ತು ನಿಮಿಷ ಕುದಿಸಿ, ಪಾತ್ರೆಯನ್ನು ಎತ್ತಿ ಡಬ್ಬದೊಳಗಿಟ್ಟು ಮುಚ್ಚಿದರೆ ಆಯಿತು. ಒಂದು ಗಂಟೆಯಲ್ಲಿ ಕುಚ್ಚಲಕ್ಕಿ ಅನ್ನ ತಾನಾಗಿ ಬೇಯುತ್ತದೆ.

"ಟೀಚರೇ, ಇದು ನಮ್ಮ ಚೂಡಾರಾಪೆಟ್ಟಿಯೇ, ಸ್ಟೀಲಿನದ್ದು" ಅಂದರು ಅಂಗಡಿಯವರು. ಬಿಸಿ ಆರದ ಪೆಟ್ಟಿಗೆ ಅಂತ ಆ ಮಲಯಾಳ ಮಾತಿನ ಅರ್ಥ. ಹಿಂದೆ ಜನರಿಗೆ ವಿಜ್ಞಾನ ತಲುಪಿಸುವ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಇದನ್ನು ಜನರಿಗೆ ಪರಿಚಯ ಮಾಡಿಸಿದ್ದರು. ನಮ್ಮ ಮನೆಯಲ್ಲೂ ಒಂದು ಇತ್ತು. ಮರದ ಪೆಟ್ಟಿಗೆಯಲ್ಲಿ ಉಮಿ ತುಂಬಿ, ಹಳೆ ಸೀರೆ ಸುತ್ತಿ, ಅಮ್ಮ ಅದರೊಳಗೆ ಅನ್ನದ ಪಾತ್ರೆ ಇಟ್ಟು ತೋಟಕ್ಕೆ ಹೋಗುತ್ತಿದ್ದರು.

ನಾನು ಟೀಚರಲ್ಲ. ಆದರೆ ಈ ಪೆಟ್ಟಿಗೆಯ ಬಗ್ಗೆ ಇಷ್ಟು ಬರೆಯಲು ಕಾರಣ ನನ್ನ ಕೆಲಸವೇ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ., ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಆಮೇಲೆ 31 ವರ್ಷ ಊರಿನಿಂದ ದೂರ, ಶಾಖ ಅಳೆಯುವ ಪ್ರಯೋಗಾಲಯದಲ್ಲಿದ್ದೆ. ಶಾಖ ಅಳೆಯುವ ನಮ್ಮ ಯಂತ್ರ, ಕ್ಯಾಲೊರಿಮೀಟರ್, ಹಗಲು ರಾತ್ರಿ 700 ಡಿಗ್ರಿಯಲ್ಲೇ ಇರುತ್ತಿತ್ತು. ಅದರ ಹೊಟ್ಟೆಯಲ್ಲಿ ಪ್ಲಾಟಿನಂ ಬಟ್ಟಲು, ಬಟ್ಟಲಲ್ಲಿ ಆಕ್ಸೈಡುಗಳನ್ನು ಕರಗಿಸಿಕೊಳ್ಳುವ ದ್ರವ, ಅಂದರೆ ಕಾದು ನೀರಾದ ಲೆಡ್ ಬೋರೇಟ್. ಮೇಲಿಂದ ಪರೀಕ್ಷಿಸುವ ವಸ್ತುವಿನ ಹತ್ತು ಮಿಲಿಗ್ರಾಂ ಗುಳಿಗೆ ಬೀಳಿಸಬೇಕು. ಮೂರು ಎಳ್ಳಿನ ತೂಕ ಅಷ್ಟೇ. ಅದು ಬಿಸಿಯಾಗಿ ಆ ದ್ರವದಲ್ಲಿ ಕರಗುವಾಗ ಎಷ್ಟು ಶಾಖ ಎಳೆದುಕೊಂಡಿತು ಅಂತ ಸುತ್ತಲಿನ ಬಿಸಿ ಅಳೆಯುವ ತಂತಿಗಳು, ಅಂದರೆ ಥರ್ಮೋಕಪಲ್‌ಗಳು ಹೇಳುತ್ತವೆ. ಇಂಧನವನ್ನು ಸುಡದೆ ನೇರ ಕರೆಂಟು ಮಾಡುವ ಇಂಧನಕೋಶಕ್ಕೆ ಬೇಕಾದ ಲ್ಯಾಂಥನಮ್, ಸ್ಟ್ರಾನ್ಶಿಯಂ, ಮ್ಯಾಂಗನೀಸ್ ಸೇರಿದ ಆಕ್ಸೈಡನ್ನು ಒಮ್ಮೆ ಕರಗಿಸುವುದು. ಅದನ್ನು ಮಾಡಿದ ಬಿಡಿ ಆಕ್ಸೈಡುಗಳನ್ನು ಇನ್ನೊಮ್ಮೆ ಕರಗಿಸುವುದು. ಎರಡರ ವ್ಯತ್ಯಾಸ ನೋಡಿದರೆ ಆ ವಸ್ತು ಎಷ್ಟು ಗಟ್ಟಿಯಾಗಿ ಕೂಡಿಕೊಂಡಿದೆ ಅಂತ ಗೊತ್ತಾಗುತ್ತದೆ. ಯಾವ ದಾರಿಯಲ್ಲಿ ಹೋದರೂ ಒಟ್ಟು ಶಾಖ ಒಂದೇ ಅಂತ ರಸಾಯನಶಾಸ್ತ್ರಜ್ಞ ಹೆಸ್ 1840ರಲ್ಲೇ ತೋರಿಸಿದ್ದ. ನಮ್ಮ ಕೆಲಸವೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ಹೊಸ ವಸ್ತು ಮಾಡುವವರು ಬೇರೆ. ಅದು ಬಿಸಿಯಲ್ಲಿ ಬಾಳುತ್ತದೋ, ಒಡೆದು ಬೇರೆಯಾಗುತ್ತದೋ ಅಂತ ಹೇಳುವುದು ನಮ್ಮ ಪಾಲು. ಅದನ್ನು ನಾನು ತುಂಬಾ ಪ್ರೀತಿಯಿಂದ ಮಾಡಿದೆ.

ಆ ಕೆಲಸದಲ್ಲಿ ಗುಳಿಗೆಗಿಂತ ಮೊದಲು ಪಾತ್ರೆಯ ಲೆಕ್ಕ ಆಗಬೇಕು. ಶುದ್ಧ ಅಲ್ಯೂಮಿನಾದ ತುಂಡು ಬೀಳಿಸಿ, ಗೊತ್ತಿರುವ ಶಾಖಕ್ಕೆ ಯಂತ್ರ ಸರಿಯಾದ ಉತ್ತರ ಕೊಡುತ್ತದಾ ಅಂತ ನೋಡಬೇಕು. ಆದ್ದರಿಂದ ಮೊದಲ ದಿನ ನಾನು ಕುಕ್ಕರಿಗೆ ಅಕ್ಕಿ ಹಾಕಲಿಲ್ಲ. ಮೂರು ಲೀಟರ್ ಕುದಿಯುವ ನೀರು ಹಾಕಿ, ಥರ್ಮೋಕಪಲ್ ತಂತಿಯನ್ನು ಮುಚ್ಚಳದ ಸಂದಿಯಿಂದ ಇಳಿಸಿ ಕೂತೆ. ಒಂದು ಗಂಟೆಗೆ 84 ಡಿಗ್ರಿಗೆ ಇಳಿದಿತ್ತು. ಇದು ಜಾಸ್ತಿಯಾಯಿತು ಅನಿಸಿತು. ಡಬ್ಬದ ಸುತ್ತ ಕೈಯಾಡಿಸಿದೆ. ತಳದ ಹತ್ತಿರ ಅಂಗೈಯಗಲದ ಜಾಗ ಚೆನ್ನಾಗಿ ಬಿಸಿಯಾಗಿತ್ತು. ಅಲ್ಲಿ ಫೋಮ್ ತುಂಬಿಲ್ಲ ಅಂತಲೇ ಅರ್ಥ. ಸ್ಟೀಲಿನಲ್ಲಿ ಶಾಖ ಈ ಫೋಮಿಗಿಂತ ಸುಮಾರು 600 ಪಟ್ಟು ಸಲೀಸಾಗಿ ಹರಿಯುತ್ತದೆ. ಫೋಮಿನ ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿಬಿದ್ದ ಅನಿಲವೇ ಬಿಸಿಯನ್ನು ತಡೆಯುವುದು. ಅದು ಇಲ್ಲದ ಕಡೆ ಡಬ್ಬ ಬರೀ ತಗಡು.

ವಾಪಸ್ ತೆಗೆದುಕೊಂಡು ಹೋದೆ. ಅಂಗಡಿಯವರು ಮಾತಿಲ್ಲದೆ ಬೇರೆ ಕೊಟ್ಟರು, ಇದು ಮನಸ್ಸಿಗೆ ಹಿಡಿಸಿತು. ಎರಡನೆಯದು ಗಂಟೆಗೆ 92, ನಾಲ್ಕು ಗಂಟೆಗೆ 75, ಎಂಟು ಗಂಟೆಗೆ 60 ಡಿಗ್ರಿ ತೋರಿಸಿತು. ಈ ಬೆಲೆಗೆ ಇದು ಒಳ್ಳೆಯ ಪೆಟ್ಟಿಗೆ. ನೀವು ಕೊಂಡರೂ ಮೊದಲ ದಿನ ಬರೀ ನೀರು ಹಾಕಿ ಹೀಗೆ ಸುತ್ತಲೂ ಮುಟ್ಟಿ ನೋಡಿ. ಥರ್ಮಾಮೀಟರ್ ಬೇಕೆಂದೇನೂ ಇಲ್ಲ, ಕೈ ಸಾಕು.

ಅನ್ನದ ವಿಷಯಕ್ಕೆ ಬರುತ್ತೇನೆ. 600 ಗ್ರಾಂ ಕುಚ್ಚಲಕ್ಕಿ, ಮೂರು ಲೀಟರ್ ನೀರು, ಹತ್ತು ನಿಮಿಷ ಕುದಿ, 70 ನಿಮಿಷ ಡಬ್ಬ. ಅಗುಳು ಬಿಡಿಬಿಡಿ, ಒಳಗೆ ಗಟ್ಟಿ ಇಲ್ಲ, ತೆಳಿ (ಗಂಜಿ ನೀರು) ದಪ್ಪ. ಅಮ್ಮನಿಗೆ 84 ವರ್ಷ, ಹಲ್ಲು ಕಡಿಮೆ. ಅವರು ಊಟ ಮಾಡಿ "ಒಲೆಯ ಅನ್ನದ ಹಾಗೇ ಉಂಟು ಮಗಾ" ಅಂದರು. ಪ್ರೆಷರ್ ಕುಕ್ಕರಿನ ಅನ್ನಕ್ಕೆ ಈ ಮಾತು ಯಾವತ್ತೂ ಬಂದದ್ದಿಲ್ಲ.

ಬೇಯಿಸುವುದು ಬೆಂಕಿಯಲ್ಲ, ಬಿಸಿ. ಅಕ್ಕಿಯ ಪಿಷ್ಟ ಸುಮಾರು 65ರಿಂದ 75 ಡಿಗ್ರಿಯ ಆಸುಪಾಸಿನಲ್ಲೇ ನೀರು ಹೀರಿ ಉಬ್ಬಲು ಶುರುಮಾಡುತ್ತದೆ. ಕುಚ್ಚಲಕ್ಕಿಯ ಕತೆ ಸ್ವಲ್ಪ ಬೇರೆ. ಭತ್ತವನ್ನು ಬೇಯಿಸಿ ಒಣಗಿಸುವಾಗ ಪಿಷ್ಟ ಒಮ್ಮೆ ಮೆತ್ತಗಾಗಿ ಮತ್ತೆ ಗಟ್ಟಿಯಾಗಿರುತ್ತದೆ. ಅದರ ನಡುವಿನವರೆಗೆ ನೀರು ಇಳಿಯಲು ಹೊತ್ತು ಬೇಕು, 90ರ ಹತ್ತಿರದ ಬಿಸಿಯೂ ಬೇಕು. ಹೊತ್ತು ಮತ್ತು ಬಿಸಿ, ಈ ಪೆಟ್ಟಿಗೆ ಕೊಡುವುದು ಅವೆರಡನ್ನೇ.

ಒಲೆಯ ಮೇಲೆ ಏನಾಗುತ್ತದೆ ನೋಡಿ. ನೀರು ಕುದಿದ ಮೇಲೆ ಉರಿ ಎಷ್ಟು ಜೋರು ಮಾಡಿದರೂ ಬಿಸಿ 100 ದಾಟುವುದಿಲ್ಲ. ಹೆಚ್ಚಿನ ಗ್ಯಾಸೆಲ್ಲ ಆವಿ ಮಾಡಲು ಹೋಗುತ್ತದೆ. ನಮ್ಮ ಬಾವಿಯ ಒಂದು ಗ್ರಾಂ ನೀರನ್ನು ಕುದಿಯುವವರೆಗೆ ತರಲು 300 ಜೂಲ್ ಸಾಕು. ಅದೇ ಒಂದು ಗ್ರಾಂ ಆವಿಯಾಗಲು 2,260 ಜೂಲ್ ಬೇಕು. ಕಿಟಕಿಯಿಂದ ಹೊರಗೆ ಹೋಗುವ ಆವಿಗೆ ನಾವು ಇಷ್ಟು ಕೊಡುತ್ತಾ ಬಂದಿದ್ದೇವೆ, ಅಲ್ವಾ?

ಸುಮ್ನೆ ಲೆಕ್ಕ ಹೇಳಿದರೆ ಸಾಲದು ಅಂತ ಐದು ಕಿಲೋದ ಸಣ್ಣ ಸಿಲಿಂಡರನ್ನು ಅನ್ನಕ್ಕೆ ಮಾತ್ರ ಇಟ್ಟುಕೊಂಡು, ಅಡಿಕೆ ತೂಗುವ ತಕ್ಕಡಿಯಲ್ಲಿ ತೂಗಿದೆ. ಒಲೆಯಲ್ಲೇ ಪೂರ್ತಿ ಬೇಯಿಸಿದ 15 ದಿನಕ್ಕೆ 1,100 ಗ್ರಾಂ ಗ್ಯಾಸ್. ಕುಕ್ಕರಿನ 15 ದಿನಕ್ಕೆ 600 ಗ್ರಾಂ. ತಿಂಗಳಿಗೆ ಒಂದು ಕಿಲೋ ಗ್ಯಾಸ್ ಉಳಿಯುತ್ತದೆ. ಒಲೆಯ ಮುಂದೆ ನಿಲ್ಲುವ ಹೊತ್ತು ಉಳಿಯುವುದು ನನಗೆ ಅದಕ್ಕಿಂತ ದೊಡ್ಡದು.

ಈಗ ತಕರಾರು. ಮನೆಯಲ್ಲಿ ಇರುವುದು ನಾವಿಬ್ಬರೇ. ಮೊದಲ ತಿಂಗಳು ತಮ್ಮನ ಸಂಸಾರ ಇತ್ತು, ಪಾತ್ರೆ ತುಂಬಾ ಮಾಡುತ್ತಿದ್ದೆ. ಅವರು ಹೋದ ಮೇಲೆ 150 ಗ್ರಾಂ ಅಕ್ಕಿ, ಮುಕ್ಕಾಲು ಲೀಟರ್ ನೀರು ಹಾಕಿದೆ. ಕುದಿಸಿದ್ದೂ ಅಷ್ಟೇ, ಕಾದದ್ದೂ ಅಷ್ಟೇ. ಆದರೆ ಅನ್ನ ಬೇಯಲಿಲ್ಲ, ಹಲ್ಲಿಗೆ ಸಿಕ್ಕಿತು. ತಂತಿ ಇಳಿಸಿ ನೋಡಿದರೆ ಒಂದು ಗಂಟೆಗೆ 77 ಡಿಗ್ರಿ. ಬಿಸಿ ಇರುವುದು ಡಬ್ಬದಲ್ಲಿ ಅಲ್ಲ, ಒಳಗಿನ ನೀರಿನಲ್ಲಿ. ಡಬ್ಬ ಕಳೆದುಕೊಳ್ಳುವ ಶಾಖ ಹೆಚ್ಚು ಕಡಿಮೆ ಅಷ್ಟೇ, ಆದರೆ ಕೊಡಲು ಇರುವ ನೀರು ಕಾಲು ಭಾಗ. ಮೂರು ಲೀಟರ್ ಒಂದು ಡಿಗ್ರಿ ತಣಿದರೆ 12,500 ಜೂಲ್ ಬಿಡುತ್ತದೆ. ಮುಕ್ಕಾಲು ಲೀಟರ್ ಬಿಡುವುದು 3,100 ಮಾತ್ರ.

ಅಂಗಡಿಗಳಲ್ಲಿ "ದೊಡ್ಡದೇ ತಗೊಳ್ಳಿ, ನೆಂಟರು ಬಂದರೆ ಆಗುತ್ತದೆ" ಅನ್ನುತ್ತಾರೆ. ಕೇಳಬೇಡಿ. ನಿಮ್ಮ ದಿನದ ಅಕ್ಕಿ ಎಷ್ಟೋ ಅಷ್ಟಕ್ಕೆ ತುಂಬುವ ಅಳತೆಯೇ ಬೇಕು. ಮುಕ್ಕಾಲಿಗಿಂತ ಕಡಿಮೆ ತುಂಬುವುದಾದರೆ, ಅಕ್ಕಿ ಕಡಿಮೆ ಇದ್ದರೂ ನೀರು ಜಾಸ್ತಿ ಹಾಕಿ ಕುದಿಸಿ, ಆಮೇಲೆ ಬಸಿದುಬಿಡಿ. ಗ್ಯಾಸ್ ಸ್ವಲ್ಪ ಹೆಚ್ಚು ಹೋಗುತ್ತದೆ, ಅನ್ನ ಮಾತ್ರ ಬೇಯುತ್ತದೆ.

ಬೆಳ್ತಿಗೆ ಅಕ್ಕಿಗೆ, ಅಂದರೆ ಬೇಯಿಸದ ಭತ್ತದ ಬಿಳಿ ಅಕ್ಕಿಗೆ, ಇದು ನನಗೆ ಹಿಡಿಸಲಿಲ್ಲ. ಕುದಿ ಬಂದ ಕೂಡಲೇ ಇಳಿಸಿ 20 ನಿಮಿಷಕ್ಕೆ ತೆಗೆಯಬೇಕು, ಮರೆತರೆ ಮುದ್ದೆ. ಹೆಸರುಕಾಳು ಚೆನ್ನಾಗಿ ಬೇಯುತ್ತದೆ. ಕಡಲೆಗೆ ಸಾಲುವುದಿಲ್ಲ.

ಇನ್ನೊಂದು ವಿಷಯ ದಯವಿಟ್ಟು ಗಮನಿಸಿ. ರಾತ್ರಿ ಇಟ್ಟು ಬೆಳಿಗ್ಗೆ ತೆಗೆಯಬಹುದು ಅಂತ ಹಲವರು ಹೇಳುತ್ತಾರೆ. ಬೇಡ. ಅನ್ನದಲ್ಲಿ ಕುದಿಗೂ ಸಾಯದ ಬ್ಯಾಕ್ಟೀರಿಯಾ ಬೀಜಕಣಗಳು ಇರಬಹುದು. ಬಿಸಿ 60ರಿಂದ ಕೆಳಗೆ ಇಳಿದು ಉಗುರು ಬೆಚ್ಚಗಿನ ಕಡೆಗೆ ಹೋದರೆ ಅವು ಮೊಳೆತು ಬೆಳೆಯುತ್ತವೆ. ತುಂಬಿದ ಡಬ್ಬವನ್ನೂ ನಾನು ನಾಲ್ಕು ಗಂಟೆ ದಾಟಿಸುವುದಿಲ್ಲ. ಉಳಿದ ಅನ್ನ ತೆಗೆದು ಬೇಗ ತಣಿಸಿ ಫ್ರಿಜ್ಜಿಗೆ ಹಾಕುತ್ತೇನೆ.

ಮುಚ್ಚಳದ ಹಿಡಿ ಆರನೇ ತಿಂಗಳಲ್ಲಿ ಸಡಿಲವಾಯಿತು, ಸ್ಕ್ರೂ ಬಿಗಿದೆ. ಡಬ್ಬವನ್ನು ನೀರಲ್ಲಿ ಮುಳುಗಿಸಿ ತೊಳೆಯಬೇಡಿ, ಅಂಚಿನಿಂದ ನೀರು ಫೋಮಿಗೆ ಇಳಿದರೆ ಬಿಸಿ ತಡೆಯುವ ಗುಣ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ದೊಡ್ಡದನ್ನು ತಮ್ಮನ ಮನೆಗೆ ಕೊಟ್ಟೆ, ಅಲ್ಲಿ ಆರು ಜನ. ನಮ್ಮಿಬ್ಬರಿಗೆ ಅದೇ ಅಂಗಡಿಯಿಂದ ಅವರಲ್ಲಿದ್ದ ಅತಿ ಸಣ್ಣ ಅಳತೆಯದ್ದು ತಂದಿದ್ದೇನೆ, 1,350 ರೂಪಾಯಿ. ನಿನ್ನೆ ನೀರು ಹಾಕಿ ನೋಡಿದೆ. ತಳ, ಪಕ್ಕ, ಮುಚ್ಚಳ, ಎಲ್ಲೂ ಬಿಸಿ ಇಲ್ಲ. ಇವತ್ತು ಅಕ್ಕಿ ಹಾಕಿದ್ದೇನೆ.